ಮಡ್‌ಗಾರ್ಡಿನೊಳಗಿನ ಕುಂಕುಮ

ಶ್ರೀಕಂಠ ಟೇಪು ಹಿಡಿದು ಅಳತೆ ಮಾಡಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಅವನ ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ನೂಲುಂಡೆ ಇರುತ್ತಿತ್ತು. ತಾಯಿಯ ತವರು ಮಂಗಳಗಿರಿ, ಮಗ್ಗದ ಮನೆ; ಅಲ್ಲಿಂದ ಬಂದ ನೂಲು. ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ನೂಲು ಹಿಡಿಯುವುದು, ಒಂದು ಗಂಟು ಹಾಕುವುದು, ಆ ಗಂಟನ್ನು ಇನ್ನೊಂದು ಕಡೆ ಇಟ್ಟು ನೋಡುವುದು. ಅಷ್ಟೇ ಅವನ ಅಳತೆ. ನಾವಿದ್ದ ತೆಲುಗು ಊರು ಪೆಂಡುರ್ತಿಯ ಆಟೋ ಡ್ರೈವರುಗಳು ಅವನಿಗೆ "ದಾರಂ ಶ್ರೀಕಂಠಂ" ಅಂತ ಹೆಸರಿಟ್ಟಿದ್ದರು.

"ಟೇಪಿನ ಮೇಲೆ ಅಂಕಿ ಓದಬೇಕು ಅತ್ತೆ. ಓದೋದ್ರಲ್ಲಿ ತಪ್ಪಾಗುತ್ತೆ. ನೂಲನ್ನ ಓದೋದೇನಿದೆ, ಇಟ್ಟು ನೋಡಿದ್ರೆ ಸಾಕು" ಅನ್ನುತ್ತಿದ್ದ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಆ ಮಾತು ಸರಿಯಾಗಿಯೇ ಕಂಡಿತು.

ಅವನು ನನ್ನನ್ನು ಅತ್ತೆ ಅಂತ ಕರೆಯುತ್ತಿದ್ದುದು ಅವನ ಅಪ್ಪ ಕಟ್ಟಿದ ನಂಟಿನಿಂದ. ಅಪ್ಪ ದೊಡ್ಡಯ್ಯ ಹಿರಿಯೂರಿನ ಕಡೆಯವನು. ಅನಕಾಪಲ್ಲಿಗೆ ಬೆಲ್ಲ ತುಂಬಿಸಿಕೊಳ್ಳಲು ಬರುತ್ತಿದ್ದ ಲಾರಿ ಡ್ರೈವರ್. ದಾರಿಯಲ್ಲಿ ಮಂಗಳಗಿರಿ ಸಿಗುತ್ತಿತ್ತು, ಅಲ್ಲಿ ಕೋಟೇಶ್ವರಮ್ಮ ಸಿಕ್ಕಳು, ಮದುವೆಯಾಯಿತು. ಲಾರಿ ಬಿಟ್ಟ ಮೇಲೆ ಟೈರಿನ ಅಂಗಡಿ ಇಡಲು ಜಾಗ ಹುಡುಕುತ್ತಾ ಪೆಂಡುರ್ತಿಯ ನಮ್ಮ ಮನೆ ಮುಂದೆ ಬಂದು ನಿಂತ. ನಮ್ಮೆಜಮಾನರು ಉಕ್ಕಿನ ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿ ಆಗಷ್ಟೇ ಆ ಮನೆ ಕಟ್ಟಿಸಿದ್ದರು. ನಾನು ಚಳ್ಳಕೆರೆಯವಳು ಅಂತ ಗೊತ್ತಾದ ಕೂಡಲೇ ಅವನು "ಹಂಗಾದ್ರೆ ನೀವು ನಮ್ಮಕ್ಕ" ಅಂದ. ಮುಂದಿನ ಶೆಡ್ಡು ಅವನದಾಯಿತು. "ದೊಡ್ಡಯ್ಯ ಟೈರ್ ವರ್ಕ್ಸ್" ಅಂತ ಹಳದಿ ಬೋರ್ಡು ಬಂತು. ಅವನು ತೀರಿಕೊಂಡ ಮೇಲೆ ಬೋರ್ಡು ಹಾಗೇ ಉಳಿಯಿತು, ಕೆಳಗೆ ಮಗ ಕೂತ.

ಶ್ರೀಕಂಠನ ಕನ್ನಡ ಅರ್ಧ ಹಿರಿಯೂರು, ಅರ್ಧ ತೆಲುಗು. ಕೆಲಸ ಮಾತ್ರ ಪೂರ್ತಿ ನಿಧಾನ. ಮಾಡಿದ್ದನ್ನು ಮೂರು ಸಲ ಬಿಚ್ಚಿ ನೋಡುತ್ತಿದ್ದ. ಅಂಥವನ ಕೈಯಲ್ಲೇ ಎರಡು ಸಾವಿರದ ನಾಲ್ಕರಲ್ಲಿ ಒಂದು ಅನಾಹುತ ಆಯಿತು.

ಅಜಯ್ ಅಂತ ಒಬ್ಬ ಹುಡುಗ, ಕಾಲೇಜು ಮುಗಿಸಿದವನು, ತನ್ನ ಜೀಪಿಗೆ ದೊಡ್ಡ ಟೈರು ಹಾಕಿಸಿಕೊಂಡ. ಹಾಕಿದ ಮೇಲೆ ಶ್ರೀಕಂಠ ಸ್ಟೇರಿಂಗನ್ನು ಆ ಕಡೆ ಪೂರ್ತಿ, ಈ ಕಡೆ ಪೂರ್ತಿ ತಿರುಗಿಸಿ ನೋಡಿದ. ಎಲ್ಲೂ ತಾಗಲಿಲ್ಲ. ಹುಡುಗ ಗೆಳೆಯರನ್ನು ತುಂಬಿಕೊಂಡು ಅರಕು ದಾರಿ ಹಿಡಿದ. ಅನಂತಗಿರಿ ಘಾಟಿಯ ತಿರುವಿನಲ್ಲಿ ಮುಂದಿನ ಟೈರು ಚಾಕು ಹಾಕಿದ ಹಾಗೆ ಸೀಳಿ ಒಡೆಯಿತು. ಜೀಪು ರಸ್ತೆ ಬದಿಯ ಕಟ್ಟೆಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ಮಾರನೆಯ ದಿನ ಹುಡುಗನ ಅಪ್ಪ ಅಂಗಡಿ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. "ನೂಲು ಹಿಡ್ಕೊಂಡು ಸೀರೆ ನೇಯಿ ಹೋಗಯ್ಯಾ! ಗಾಡಿ ಯಾಕೆ ಮುಟ್ತೀಯ?"

ಆಮೇಲೆ ಜೀಪುಗಳು ಬರುವುದು ನಿಂತಿತು. ಸೈಕಲ್ಲು, ಆಟೋ, ಅಷ್ಟೇ. ಎರಡು ವರ್ಷ ಶ್ರೀಕಂಠ ಒಂದೇ ಮಾತು ತಿರುಗಿಸಿ ತಿರುಗಿಸಿ ಹೇಳುತ್ತಿದ್ದ. "ಎರಡೂ ಕಡೆ ತಿರುಗಿಸಿದ್ದೆ ಅತ್ತೆ. ತಾಗಿರಲಿಲ್ಲ. ಮತ್ತೆ ಯಾಕೆ ಸೀಳ್ತು?" ನನಗೇನು ಗೊತ್ತು. ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಹೂಂ ಅನ್ನುತ್ತಿದ್ದೆ.

ನಮ್ಮ ಮಹಡಿಯ ರೂಮಿನಲ್ಲಿ ಲಕ್ಷ್ಮೀಪ್ರಸನ್ನ ಅಂತ ಒಬ್ಬ ನರ್ಸು ಬಾಡಿಗೆಗೆ ಇದ್ದಳು. ಒಂದು ಟ್ರಸ್ಟಿನ ಕೆಲಸ. ವಾರಕ್ಕೊಂದು ದಿನ ಜೀಪಿನಲ್ಲಿ ಔಷಧಿ ಪೆಟ್ಟಿಗೆ ಇಟ್ಟುಕೊಂಡು ಗುಡ್ಡದ ಊರುಗಳಿಗೆ ಹೋಗುತ್ತಿದ್ದಳು. ಎಲ್ಲಕ್ಕಿಂತ ಮೇಲಿನ ಊರು ಪನಸವಲಸ. ಅಲ್ಲಿಗೆ ಮಾತ್ರ ಜೀಪು ಹೋಗುತ್ತಿರಲಿಲ್ಲ. ದಾರಿಯಲ್ಲಿ ಒಂದು ಕಡೆ ಎರಡೂ ಬದಿ ಮಳೆ ನೀರು ಕೊರೆದ ಹಳ್ಳ, ನಡುವೆ ಕತ್ತೆ ಬೆನ್ನಿನ ಹಾಗೆ ಎದ್ದ ಬಂಡೆ. ಚಕ್ರಗಳು ಹಳ್ಳಕ್ಕೆ ಇಳಿದರೆ ಜೀಪಿನ ಹೊಟ್ಟೆ ಬಂಡೆಯ ಮೇಲೆ ಕೂತು, ಚಕ್ರಗಳು ಸುಮ್ಮನೆ ತಿರುಗುತ್ತಿದ್ದವು. ಅಲ್ಲಿಂದ ಮೇಲಕ್ಕೆ ಮೂರು ಕಿಲೋಮೀಟರ್ ಅವಳು ಪೆಟ್ಟಿಗೆ ಹೊತ್ತು ನಡೆಯಬೇಕು. ಮೇಲಿನ ಬಸುರಿಯರನ್ನು ಗಂಡಸರು ಡೋಲಿಯಲ್ಲಿ ಹೊತ್ತು ಇಳಿಸಬೇಕು.

ಎರಡು ಸಾವಿರದ ಆರರ ಮಳೆಗಾಲದಲ್ಲಿ ಒಂದು ಸಂಜೆ ಅವಳು ಮಂಡಿ ತರಚಿಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ಜೀಪಿನ ಡ್ರೈವರ್ ತಿರುಮಲೇಶ್ ಪಕ್ಕದಲ್ಲಿ ನಿಂತು ಗೊಣಗುತ್ತಿದ್ದ.

"ಊರಿನ ದೊಡ್ಡ ವರ್ಕ್‌ಶಾಪಿನಲ್ಲಿ ಎರಡು ಸಲ ಸ್ಪ್ರಿಂಗು ಎತ್ತರಿಸಿದರು ಅಮ್ಮಾ. ಜೀಪು ಒಂಟೆ ಥರ ಎತ್ತರ ಆಗಿದೆ. ಬಂಡೆ ಮೇಲೆ ಕೂರೋದು ಮಾತ್ರ ತಪ್ಪಿಲ್ಲ."

ಶ್ರೀಕಂಠ ಶೆಡ್ಡಿನಿಂದ ಎದ್ದು ಬಂದು ಜೀಪಿನ ಕೆಳಗೆ ನುಸುಳಿದ. ಅಲ್ಲಿಂದಲೇ ಕೂಗಿದ, "ಅತ್ತೆ, ನೀವು ಸೀರೆ ಎತ್ತಿ ಕಟ್ಟಿದ್ರೆ ಮಂಡಿ ಮೇಲೆ ಹೋಗುತ್ತಾ?"

"ಹುಚ್ಚಪ್ಪ, ಮಂಡಿ ಎಲ್ಲಿಗೆ ಹೋಗುತ್ತೋ?"

"ಅದೇ ನೋಡಿ! ಇವರು ಸೀರೆ ಎತ್ತಿ ಕಟ್ಟಿದ್ದಾರೆ. ತಾಗ್ತಿರೋದು ಮಂಡಿ." ಹೊರಗೆ ಬಂದು ಕೈ ತೋರಿಸಿದ. ಎರಡು ಚಕ್ರಗಳ ನಡುವಿನ ಆಕ್ಸಲ್ಲಿನಲ್ಲಿ ಕುಂಬಳಕಾಯಿಯಂಥ ಒಂದು ಕಬ್ಬಿಣದ ಗುಂಡು ಇರುತ್ತದೆ. ಸ್ಪ್ರಿಂಗು ಎತ್ತರಿಸಿದರೆ ಮೇಲಿನ ಬಾಡಿ ಏಳುತ್ತದೆ, ಗುಂಡು ಇದ್ದಲ್ಲೇ ಇರುತ್ತದೆ. "ಮಂಡಿ ಏಳಬೇಕಾದ್ರೆ ದಪ್ಪ ಚಪ್ಪಲಿ ಬೇಕು. ದೊಡ್ಡ ಟೈರು ಹಾಕಬೇಕು."

ದೊಡ್ಡ ಟೈರು ಅಂದ ತಕ್ಷಣ ತಿರುಮಲೇಶ್ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಅಜಯ್ ಕತೆ ಅವನಿಗೂ ಗೊತ್ತಿತ್ತು. ಲಕ್ಷ್ಮೀಪ್ರಸನ್ನ ಮಾತ್ರ ತರಚಿದ ಮಂಡಿ ನೋಡಿಕೊಂಡು, "ಹಾಕ್ತೀರಾ ಅಣ್ಣಾ? ಆಫೀಸಿನಲ್ಲಿ ನಾನು ಒಪ್ಪಿಸ್ತೀನಿ" ಅಂದಳು.

ಶ್ರೀಕಂಠ ಜೇಬಿನಿಂದ ನೂಲುಂಡೆ ತೆಗೆದು ಅವಳ ಕೈಗೆ ಕೊಟ್ಟ. "ಮುಂದಿನ ವಾರ ಹೋದಾಗ ಹಳ್ಳದ ತಳಕ್ಕೆ ಒಂದು ತುದಿ ಇಡಿ ಅಮ್ಮಾ. ಬಂಡೆಯ ನೆತ್ತಿ ಎಲ್ಲಿ ಬರುತ್ತೋ ಅಲ್ಲಿ ಗಂಟು ಹಾಕ್ಕೊಂಡು ಬನ್ನಿ."

ಅವಳು ತಂದಳು, ಆಫೀಸಿನ ಒಪ್ಪಿಗೆಯನ್ನೂ ಸೇರಿಸಿ. ಅದರ ಪಕ್ಕ ಅವನು ಜೀಪಿನ ಗುಂಡಿನ ಎತ್ತರಕ್ಕೆ ಇನ್ನೊಂದು ಗಂಟು ಹಾಕಿದ. ಎರಡು ಗಂಟುಗಳ ನಡುವೆ ನನ್ನ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಅಂತರ. ಇಷ್ಟೇ ಇಷ್ಟಕ್ಕೆ ಒಂದು ಊರು ದೂರವಾಗಿತ್ತು.

ಟೈರು, ರಿಮ್ಮು, ಸ್ಪ್ರಿಂಗಿನ ಪಟ್ಟಿ ಎಲ್ಲ ಒಂದೇ ಕಡೆ ಸಿಗಬೇಕಾದರೆ ವಿಜಯವಾಡದ ಆಟೋನಗರಕ್ಕೇ ಹೋಗಬೇಕು. ಅಲ್ಲಿ ಕೋಟೇಶ್ವರಮ್ಮನ ತಮ್ಮ ದುರ್ಗಾಪ್ರಸಾದನ ಶೆಡ್ಡು ಇತ್ತು. ದೊಡ್ಡ ಆಸಾಮಿ. ಬಿಳಿ ಅಂಗಿ ಹಾಕಿಕೊಂಡೇ ಗ್ರೀಸಿನ ನಡುವೆ ಓಡಾಡುವವನು, ಒಂದು ಚುಕ್ಕೆ ಕಲೆ ಆಗುತ್ತಿರಲಿಲ್ಲ. ಅವನ ಮಾತೆಲ್ಲ ತೆಲುಗು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಫೋನಿನಲ್ಲಿ ವಿಷಯ ಕೇಳಿ ಅವನು ಜೋರಾಗಿ ನಕ್ಕಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಏನಯ್ಯಾ ಅಳಿಯಾ, ಮತ್ತೆ ದೊಡ್ಡ ಟೈರಾ? ಒಬ್ಬರನ್ನ ಕಟ್ಟೆಗೆ ಒರಗಿಸಿದ್ದು ಸಾಲಲಿಲ್ವಾ? ಕೇಳು, ಸಾಮಾನು ಎಲ್ಲ ನಾನೇ ಕೊಡ್ತೀನಿ. ದಸರಾ ಆದಮೇಲೆ ಆ ಜೀಪನ್ನ ಆ ಬಂಡೆ ಹತ್ತಿಸು, ನಾನೇ ಬಂದು ನೋಡ್ತೀನಿ. ಹತ್ತಲಿಲ್ಲವೋ, ಬೋರ್ಡು ಬಿಚ್ಚಿಕೊಂಡು ನಮ್ಮಕ್ಕನ ಜೊತೆ ಇಲ್ಲಿಗೆ ಬಾ. ನನ್ನ ಕೈ ಕೆಳಗೆ ಕೆಲಸ ಮಾಡು. ಸೈಕಲ್ ಟ್ಯೂಬಿಗೆ ತೇಪೆ ಹಾಕ್ತಾ ಎಷ್ಟು ದಿನ ಕೂರ್ತೀಯ?"

ಕೆಟ್ಟವನಲ್ಲ, ಅಕ್ಕನ ಮಗ ಚೆನ್ನಾಗಿರಲಿ ಅಂತಲೇ ಅಂದದ್ದು. ಶ್ರೀಕಂಠ "ಸರಿ ಮಾವಯ್ಯ" ಅಂತ ಫೋನ್ ಇಟ್ಟ. ಹೊರಗೆ ಹೋಗಿ ಬೋರ್ಡಿನ ಧೂಳು ಒರೆಸಿದ. ಅವರಪ್ಪ ಕೈಯಾರೆ ಬರೆದ ಅಕ್ಷರಗಳು ಅವು.

ದಸರಾ ಗದ್ದಲಕ್ಕೆ ಇನ್ನೂ ಹದಿನೈದು ದಿನ ಇರುವಾಗ ಹೊರಟೆವು. ಕೋಟೇಶ್ವರಮ್ಮನಿಗೆ ಕನಕದುರ್ಗಮ್ಮನ ಹರಕೆ ಇತ್ತು. "ನೀವೂ ಬನ್ನಿ ವದಿನಾ, ಅಮ್ಮನ್ನ ನೋಡಿದ ಹಾಗಾಗುತ್ತೆ" ಅಂದಳು. ವದಿನಾ ಅಂದರೆ ಅತ್ತಿಗೆ. ಟ್ರಸ್ಟಿನ ಜೀಪನ್ನು ತಿರುಮಲೇಶ್ ಓಡಿಸಿದ, ಶ್ರೀಕಂಠ ಮುಂದೆ, ನಾವಿಬ್ಬರು ಮುದುಕಿಯರು ಹಿಂದೆ. ನಸುಕಿಗೆ ಬಿಟ್ಟವರು ಸಂಜೆ ಕೃಷ್ಣೆಯ ನೀರು ಕಂಡೆವು.

ಮಾರನೆಯ ದಿನ ಆಟೋನಗರದ ಶೆಡ್ಡಿನಲ್ಲಿ ಮಾವ ಅಳಿಯನ ಜಗಳ ನೋಡಬೇಕಿತ್ತು. ದುರ್ಗಾಪ್ರಸಾದ್ ಎಲ್ಲಕ್ಕಿಂತ ದೊಡ್ಡ ಟೈರು ಉರುಳಿಸಿಕೊಂಡು ಬಂದ. "ಹಾಕೋದಾದ್ರೆ ಇದನ್ನ ಹಾಕು, ಬಂಡೆ ಏನು, ದುರ್ಗಮ್ಮನ ಬೆಟ್ಟಾನೇ ದಾಟುತ್ತೆ."

"ಬೇಡ ಮಾವಯ್ಯ. ಅಷ್ಟು ದೊಡ್ಡದಾದ್ರೆ ಎಂಜಿನ್ನಿಗೆ ಎಳೆಯೋದು ಕಷ್ಟ, ಬ್ರೇಕಿಗೆ ಹಿಡಿಯೋದು ಕಷ್ಟ. ನನಗೆ ಈ ಗಂಟಿನಿಂದ ಆ ಗಂಟಿಗೆ ಸಾಕು, ಅದರ ಮೇಲೆ ಒಂದು ಬೆರಳು." ನೂಲು ಹಿಡಿದು ತೋರಿಸಿದ. ಟೈರು ಮೂರು ಇಂಚು ಎತ್ತರವಾದರೆ ಗುಂಡು ಏಳುವುದು ಒಂದೂವರೆ ಇಂಚು. ಮಿಕ್ಕ ಒಂದೂವರೆ ಇಂಚು ಮೇಲಕ್ಕೆ, ಮಡ್‌ಗಾರ್ಡಿನ ಕಡೆಗೆ ಹೋಗುತ್ತದೆ. ಅಪಾಯ ಇರುವುದು ಆ ಮೇಲಿನ ಒಂದೂವರೆ ಇಂಚಿನಲ್ಲಿ. ಇದನ್ನೆಲ್ಲ ಅವನು ಹೇಳುತ್ತಿದ್ದರೆ ಮಾವ ಆಕಳಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಟೈರು ಕೂತವು. ಹೊಸ ಸ್ಟೆಪ್ನಿ ಹಳೆಯ ಜಾಗದಲ್ಲಿ ಹಿಡಿಸಲಿಲ್ಲ. ಅದನ್ನು ನಮ್ಮಿಬ್ಬರ ಸೀಟಿನ ನಡುವೆ ಮಲಗಿಸಿದರು. ದುರ್ಗಾಪ್ರಸಾದ್ ತಾನೇ ಕೂತು ಸ್ಟೇರಿಂಗನ್ನು ಎರಡೂ ಕಡೆ ತುದಿವರೆಗೆ ತಿರುಗಿಸಿದ. ಎಲ್ಲೂ ತಾಗಲಿಲ್ಲ. "ಅಯಿಪೋಯಿಂದಿ!" ಅಂತ ಕೈ ತಟ್ಟಿದ. ಮುಗಿಯಿತು ಅಂತ. ಶ್ರೀಕಂಠನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಅಜಯ್ ಜೀಪೂ ಹೀಗೇ ನಿಂತಲ್ಲಿ ಎಲ್ಲೂ ತಾಗಿರಲಿಲ್ಲವಲ್ಲ.

ಆಮೇಲೆ ಗಾಡಿಗೆ ಪೂಜೆ. ಪೂಜೆ ಕೋಟೇಶ್ವರಮ್ಮನದು. ಬೇರೆಯವರ ಹಾಗೆ ಟೈರಿಗೆ ಒಂದೊಂದು ಬೊಟ್ಟು ಇಟ್ಟು ಕೈತೊಳೆಯುವವಳಲ್ಲ. ದಾರಿ ಧೂಳಿಗೆ ಹಾರಿಹೋಗಬಾರದು ಅಂತ ಕುಂಕುಮವನ್ನು ಎಳ್ಳೆಣ್ಣೆಯಲ್ಲಿ ಕಲಸಿ, ನಾಲ್ಕು ಬೆರಳಿನಿಂದ ಟೈರಿನ ಮೈಗೂ ಅಂಚಿಗೂ ಪಟ್ಟೆ ಪಟ್ಟೆ ಎಳೆದಳು. ಮಗ್ಗದ ಮನೆಯ ಮಗಳು, ಸೀರೆಗೆ ಅಂಚು ಕೂರಿಸಿದ ಹಾಗಿತ್ತು.

"ಅಕ್ಕಾ, ಮದುಮಗಳಿಗೆ ಗೋರಂಟಿ ಹಾಕ್ತಿದ್ದೀಯಾ, ಟೈರಿಗೆ ಕುಂಕುಮ ಹಾಕ್ತಿದ್ದೀಯಾ?" ಅಂತ ತಮ್ಮ ರೇಗಿಸಿದ.

"ನೀನು ಸುಮ್ಮನಿರೋ. ನಿನ್ನ ಮದುವೇಲಿ ನಿನಗೆ ಹಚ್ಚಿದ್ದಕ್ಕಿಂತ ಇದು ಚೆನ್ನಾಗಿ ಬಂದಿದೆ."

ನಾಲ್ಕು ನಿಂಬೆಹಣ್ಣು ಜಜ್ಜಿಕೊಂಡು ಜೀಪು ಹೊರಟಿತು. ದುರ್ಗಾಪ್ರಸಾದ್, ಅವನ ಹೆಂಡತಿ, ಮಗಳು ದೀಪಿಕಾ ಎಲ್ಲರೂ ಹತ್ತಿದರು. ಒಟ್ಟು ಏಳು ಜನ, ಜೊತೆಗೆ ಸ್ಟೆಪ್ನಿ. ಇಂದ್ರಕೀಲಾದ್ರಿ ಹತ್ತಿ ಅಮ್ಮನ ದರ್ಶನ ಮಾಡಿ, ಬೆಟ್ಟದ ರಸ್ತೆಯಲ್ಲಿ ಇಳಿಯುತ್ತಿದ್ದೆವು. ಆಗ ನನಗೆ ಒಂದು ಸದ್ದು ಕೇಳಿಸಿತು. ಜರ್... ಅಂತ. ಅಕ್ಕಿ ಜರಡಿ ಒಂದು ಸಲ ಆಡಿಸಿದ ಹಾಗೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಜರ್...

"ಶ್ರೀಕಂಠ, ಏನೋ ತಾಗ್ತಿದೆ ಕಣಪ್ಪ" ಅಂದೆ.

"ಹೊಸ ರಬ್ಬರು ವದಿನಗಾರೂ, ಹಾಡು ಹೇಳ್ತಿದೆ" ಅಂದ ದುರ್ಗಾಪ್ರಸಾದ್.

"ಹಾಡಾಗಿದ್ರೆ ನೆಟ್ಟಗೆ ಹೋಗುವಾಗಲೂ ಹೇಳಬೇಕಿತ್ತಲ್ಲ? ನೆಟ್ಟಗೆ ಹೋಗುವಾಗ ಇಲ್ಲ. ಬರೀ ತಿರುವಿನಲ್ಲೂ ಇಲ್ಲ. ತಿರುವಿನಲ್ಲಿ ಹೊಂಡ ಬಂದಾಗ ಮಾತ್ರ."

ಶ್ರೀಕಂಠ ಹಿಂದಕ್ಕೆ ತಿರುಗಿ ನನ್ನ ಮುಖವನ್ನೇ ನೋಡಿದ. "ಗಾಡಿ ನಿಲ್ಲಿಸು ತಿರುಮಲೇಶಾ" ಅಂದ.

ಇಳಿದು ಮುಂದಿನ ಚಕ್ರದ ಹತ್ತಿರ ಮಂಡಿಯೂರಿ, ಮಡ್‌ಗಾರ್ಡಿನ ಒಳಗೆ ಕೈ ಹಾಕಿದ. ಕೈ ಹೊರಗೆ ಬಂದಾಗ ತೋರುಬೆರಳು ಕೆಂಪಗಿತ್ತು. ಗಾಯವಾಯಿತೇನೋ ಅಂತ ಕೋಟೇಶ್ವರಮ್ಮ ಕೂಗಿಕೊಂಡಳು. ಅದು ರಕ್ತವಲ್ಲ, ಅವಳದೇ ಕುಂಕುಮ. ಮಡ್‌ಗಾರ್ಡಿನ ಹಿಂದಿನ ಅಂಚಿನ ಒಳಗಡೆ, ಬೆಳಕು ಬೀಳದ ಜಾಗದಲ್ಲಿ, ಒಂದು ಗೇಣುದ್ದ ಕೆಂಪು ಗೆರೆ ಬಿದ್ದಿತ್ತು.

ಅವನು ರಸ್ತೆಯಲ್ಲೇ ಕೂತುಬಿಟ್ಟ. ಹೋಗಿ ಬರುವ ಭಕ್ತರೆಲ್ಲ ನೋಡುತ್ತಿದ್ದರು.

"ನಿಂತ ಗಾಡಿ ತಾಗಲ್ಲ ಅತ್ತೆ" ಅಂದ. "ಖಾಲಿ ಗಾಡಿ ತಾಗಲ್ಲ. ಜನ ತುಂಬಬೇಕು, ಸ್ಪ್ರಿಂಗು ಕುಗ್ಗಬೇಕು, ಚಕ್ರ ತಿರುಗಿರಬೇಕು, ಅದೇ ಹೊತ್ತಿಗೆ ಹೊಂಡಕ್ಕೆ ಬೀಳಬೇಕು. ನಾಲ್ಕೂ ಸೇರಿದಾಗ ತಾಗುತ್ತೆ. ಅಜಯ್ ಗಾಡೀಲಿ ಮಡ್‌ಗಾರ್ಡಿನ ಅಂಚನ್ನ ನಾನೇ ಕತ್ತರಿಸಿದ್ದೆ, ಜಾಗ ಆಗಲಿ ಅಂತ. ಕತ್ತರಿಸಿದ ತಗಡೇ ಚಾಕು ಆಯ್ತು. ನಾನೇ ಚಾಕು ಇಟ್ಟೆ."

ಎರಡು ವರ್ಷ ಹುಡುಕಿದ್ದು ಸಿಕ್ಕಿದವನಿಗೆ ಅಳು ಬಂದೀತು ಅಂದುಕೊಂಡೆ. ಅವನು ನಗುತ್ತಿದ್ದ. ತಪ್ಪು ತನ್ನದೇ ಅಂತ ಗೊತ್ತಾಗಿ ಅಷ್ಟು ಸಂತೋಷಪಟ್ಟವನನ್ನು ನಾನು ಬೇರೆ ಕಂಡಿಲ್ಲ.

ದುರ್ಗಾಪ್ರಸಾದನಿಗೆ ಮುಖಭಂಗವಾಯಿತು, ಪೂಜೆಗೆ ಮುಂಚೆ "ಮುಗಿಯಿತು" ಅಂದವನು ಅವನೇ. "ಶೆಡ್ಡಿಗೆ ನಡಿ, ಗ್ಯಾಸಿನಲ್ಲಿ ಒಂದು ಗೇಣು ಕತ್ತರಿಸಿ ಬಿಸಾಕ್ತೀನಿ" ಅಂದ.

"ಕತ್ತರಿಸೋದು ಬೇಡ ಮಾವಯ್ಯ. ಎಲ್ಲೆಲ್ಲಿ ತಾಗುತ್ತೆ ಅಂತ ಮೊದಲು ಕುಂಕುಮ ಪೂರ್ತಿ ಹೇಳಲಿ. ಪೆಂಡುರ್ತೀಲಿ ಮಾಡ್ಕೊಳ್ತೀನಿ."

"ಮಾಡ್ಕೋ, ಮಾಡ್ಕೋ. ಬೋರ್ಡಿಗೆ ನನ್ನ ಗೋಡೇಲಿ ಒಂದು ಮೊಳೆ ನೋಡಿಟ್ಟಿರ್ತೀನಿ."

ಹೆದ್ದಾರಿ ನೆಟ್ಟಗಿದೆ, ತಿರುವು ಬಂದಲ್ಲಿ ತಿರುಮಲೇಶ್ ಎತ್ತಿನ ಗಾಡಿಯಷ್ಟು ಮೆಲ್ಲಗೆ ಓಡಿಸಿದ. ಊರು ಸೇರಿದೆವು.

ಆಮೇಲೆ ನಮ್ಮ ಮನೆ ಮುಂದೆ ನಾಲ್ಕು ದಿನ ನಡೆದದ್ದು ಪೂಜೆಯೋ ಕೆಲಸವೋ ಹೇಳುವುದು ಕಷ್ಟ. ಶ್ರೀಕಂಠ ಕಲ್ಲುಗಳನ್ನು ಒಟ್ಟಿ ಒಂದು ದಿಬ್ಬ ಮಾಡಿದ. ಕೋಟೇಶ್ವರಮ್ಮ ಕುಂಕುಮ ಕಲಸಿ ಟೈರಿಗೆ ಬಳಿಯುವುದು. ಜೀಪಿಗೆ ಜನ ತುಂಬಿಸುವುದು. ಒಂದು ಮುಂಚಕ್ರವನ್ನು ದಿಬ್ಬ ಹತ್ತಿಸಿ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಗಾಡಿಯನ್ನು ಕುಲುಕುವುದು. ಇಳಿಸಿ ಮಡ್‌ಗಾರ್ಡಿನೊಳಗೆ ನೋಡುವುದು.

ಜನ ಅಂದರೆ ಮಧ್ಯಾಹ್ನ ಬಿಡುವಾಗಿರುವವರು, ನಮ್ಮ ಬೀದಿಯ ಹೆಂಗಸರು. ಎದುರು ಮನೆಯ ಹೇಮಾಕ್ಷಿ, ನಮ್ಮ ತುಮಕೂರಿನವಳು, ಸ್ವಲ್ಪ ದಪ್ಪಗಿರುವವಳು, ಮೊದಲ ದಿನ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನೋ ಶ್ರೀಕಂಠ, ನನ್ನನ್ನ ಮರಳಿನ ಮೂಟೆ ಅಂದ್ಕೊಂಡ್ಯಾ?"

"ಮೂಟೆ ಅಲ್ಲಾಡಲ್ಲ ಅಕ್ಕ. ನೀವು ಅಲ್ಲಾಡ್ತೀರಿ, ನಗ್ತೀರಿ, ಒಂದೇ ಕಡೆ ಸರೀತೀರಿ. ಗುಡ್ಡದ ಜನಾನೂ ಹಂಗೇ ಕೂರೋದು."

"ಕುಲುಕಿದ್ದಕ್ಕೆ ಬೆನ್ನು ಹಿಡ್ಕೊಂಡ್ರೆ ಯಾರೋ ಎಣ್ಣೆ ಹಚ್ಚೋರು?"

"ಟೈರಿಗೆ ಹಚ್ಚಿ ಉಳಿದಿದ್ದು ಇದೆ, ಬಾ" ಅಂದಳು ಕೋಟೇಶ್ವರಮ್ಮ. ಎಂಟು ಹೆಂಗಸರು ನಕ್ಕು ನಕ್ಕು ಜೀಪು ತಾನೇ ಕುಲುಕಿತು.

ಕುಂಕುಮ ಮೂರು ಕಡೆ ಅಂಟಿತು. ಮಡ್‌ಗಾರ್ಡಿನ ಹಿಂದಿನ ಅಂಚಿನಲ್ಲಿ, ಮೇಲಿನ ಒಳಮೈಯಲ್ಲಿ, ಚಕ್ರದ ಒಳಬದಿಯ ಸ್ಪ್ರಿಂಗಿನ ಪಟ್ಟಿಯ ಮೇಲೆ. ಒಂದೊಂದಕ್ಕೂ ಒಂದೊಂದು ಉಪಾಯ. ಅಂಚಿನ ತಗಡನ್ನು ಕತ್ತರಿಸದೆ, ಕಾಯಿಸಿ, ಸುತ್ತಿಗೆಯಿಂದ ಒಳಕ್ಕೆ ಮಡಚಿದ, ಸೆರಗಿನ ಅಂಚು ಮಡಚಿ ಹೊಲಿದ ಹಾಗೆ. ಬೆರಳಾಡಿಸಿದರೆ ಎಲ್ಲೂ ಚುಚ್ಚುತ್ತಿರಲಿಲ್ಲ. ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದ, ಭಾರಕ್ಕೆ ಅಷ್ಟೊಂದು ಕುಗ್ಗದ ಹಾಗೆ. ಚಕ್ರ ಎಷ್ಟು ತಿರುಗಬೇಕು ಅಂತ ತಡೆಯುವ ಬೋಲ್ಟು ಒಂದು ಇರುತ್ತದೆ. ಅದನ್ನು ಒಂದು ಕೂದಲು, ಇನ್ನೊಂದು ಕೂದಲು ಅಂತ ಹೊರಕ್ಕೆ ತಂದ. ಬ್ರೇಕನ್ನೂ ಬಿಚ್ಚಿ ಹೊಸದಾಗಿ ಕೂರಿಸಿದ. ಪ್ರತಿಸಲ ಒರೆಸಿ, ಮತ್ತೆ ಕುಂಕುಮ, ಮತ್ತೆ ಹೆಂಗಸರು, ಮತ್ತೆ ದಿಬ್ಬ.

ಹನ್ನೊಂದನೆಯ ಸಲ ಅವನ ಬೆರಳಿಗೆ ಕೆಂಪು ಹತ್ತಲಿಲ್ಲ. ಹೇಮಾಕ್ಷಿ ಜೀಪಿನಿಂದ ಇಳಿಯುತ್ತಾ, "ಇನ್ನು ನಾಳೆಯಿಂದ ನಮಗೆ ಟೀವಿ ಧಾರಾವಾಹಿನೇ ಗತಿ" ಅಂದಳು.

ದಸರಾ ಮುಗಿದ ವಾರ ಪನಸವಲಸದ ಸರದಿ ಬಂತು. ದುರ್ಗಾಪ್ರಸಾದ್ ಹೇಳಿದಂತೆ ಹಿಂದಿನ ದಿನವೇ ರೈಲಿನಲ್ಲಿ ಬಂದಿಳಿದ, ಅದೇ ಬಿಳಿ ಅಂಗಿ. ಬೆಳಿಗ್ಗೆ ಗುಡ್ಡದ ಬುಡದವರೆಗೆ ನಾವೂ ಹೋದೆವು. ಅಲ್ಲೊಂದು ಹುಣಸೆಮರ. ನಾನು, ಕೋಟೇಶ್ವರಮ್ಮ, ದುರ್ಗಾಪ್ರಸಾದ್ ಅಲ್ಲಿ ಇಳಿದುಕೊಂಡೆವು. ಔಷಧಿ ಪೆಟ್ಟಿಗೆ, ಲಕ್ಷ್ಮೀಪ್ರಸನ್ನ, ಸಂತೆಯಿಂದ ಮೇಲಕ್ಕೆ ಹೋಗುವ ನಾಲ್ಕು ಜನ ಜೀಪಿನಲ್ಲಿ ಉಳಿದರು. ಬೇಕೆಂದೇ ಹತ್ತಿಸಿಕೊಂಡಿದ್ದ ಶ್ರೀಕಂಠ, ಖಾಲಿ ಗಾಡಿ ಹತ್ತಿಸಿದರೆ ಅದು ಲೆಕ್ಕಕ್ಕಿಲ್ಲ ಅಂತ. "ಬಂಡೆ ದಾಟಿದರೆ ಮೂರು ಸಲ ಹಾರ್ನ್ ಹೊಡೀತೀವಿ ಅತ್ತೆ, ಕೇಳಿಸ್ಕೊಳ್ಳಿ" ಅಂದ.

ಮರಗಳ ನಡುವೆ ಜೀಪು ಮರೆಯಾಯಿತು. ಇನ್ನು ಕಣ್ಣಿಗೆ ಕೆಲಸವಿಲ್ಲ. ಮೊದಲನೆಯ ತಿರುವು, ಎರಡನೆಯ ತಿರುವು, ಎಂಜಿನ್ನಿನ ಸದ್ದು ಎಡಕ್ಕೆ ಹೋಗಿ ಬಲಕ್ಕೆ ಬಂತು. ದಾರಿಗೆ ಅಡ್ಡ ಹರಿಯುವ ನೀರಿನಲ್ಲಿ ಇಳಿದಾಗ ದಪ್ಪಗಾಯಿತು. ಆಮೇಲೆ ಗೇರು ಬದಲಾಯಿಸಿದರು, ಸದ್ದು ನೆಲ ಹಿಡಿದ ಹಾಗೆ ಕೆಳಗಿಳಿಯಿತು. ಬಂಡೆ ಬಂತು ಅಂದುಕೊಂಡೆ.

ಸದ್ದು ತಗ್ಗಿತು. ಗುರುಗುರು ಅಂತ ಅಲ್ಲೇ ನಿಂತಿತು.

ಕೋಟೇಶ್ವರಮ್ಮ ನನ್ನ ಮುಂಗೈ ಹಿಡಿದು ಹಿಂಡಿದಳು. ಬಳೆ ಒತ್ತಿ ನೋವಾಯಿತು, ಬಿಡಿಸಿಕೊಳ್ಳಲಿಲ್ಲ. ಒಂದು ನಿಮಿಷ, ಎರಡು ನಿಮಿಷ.

"ಅಷ್ಟೇ" ಅಂದ ದುರ್ಗಾಪ್ರಸಾದ್. ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ. "ಕೂತುಬಿಟ್ಟಿತು. ನಡಿ ಅಕ್ಕಾ, ಸಾಮಾನು ಕಟ್ಟೋಣ."

"ಕೂತಿಲ್ಲ" ಅಂದೆ ನಾನು. "ಚಕ್ರ ಸುಮ್ಮನೆ ತಿರುಗಿದ್ರೆ ಎಂಜಿನ್ನು ಕಿರುಚಬೇಕು. ಇದು ಕಿರುಚ್ತಿಲ್ಲ. ನಿಂತಿದೆ, ಅಷ್ಟೇ."

ಮೇಲೆ ಏನಾಗುತ್ತಿತ್ತು ಅಂತ ಲಕ್ಷ್ಮೀಪ್ರಸನ್ನ ಆಮೇಲೆ ಹೇಳಿದಳು. ಮುಂದಿನ ಚಕ್ರ ಹಳ್ಳಕ್ಕೆ ಇಳಿದ ಕೂಡಲೇ ಶ್ರೀಕಂಠ ನಿಲ್ಲಿಸಿ ಅಂದನಂತೆ. ಇಳಿದು ಕೆಸರಿನಲ್ಲಿ ಅಂಗಾತ ಮಲಗಿ, ಗುಂಡಿಗೂ ಬಂಡೆಗೂ ನಡುವೆ ಆ ಗಂಟಿನ ನೂಲನ್ನು ಎಳೆದನಂತೆ. ಗಂಟು ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಆ ಕಡೆಗೆ ಬಂತು. ಎದ್ದು ಬಂದು, ಕೆಸರಿನ ಮೈಯಲ್ಲೇ ಸೀಟಿನಲ್ಲಿ ಕೂತು, "ಹೋಗು, ಎಲ್ಲೂ ನಿಲ್ಲಿಸಬೇಡ" ಅಂದನಂತೆ.

ಕೆಳಗಿದ್ದ ನಮಗೆ ಕೇಳಿಸಿದ್ದು ಇಷ್ಟು: ಸದ್ದು ಮತ್ತೆ ಏರಿತು. ಏರುತ್ತಾ ಹೋಯಿತು, ಒಂದೇ ಸಮನೆ, ತುಂಬಿದ ಬೀಸುಕಲ್ಲು ತಿರುಗಿದ ಹಾಗೆ ಭಾರವಾಗಿ. ಎಲ್ಲೂ ಮುಗ್ಗರಿಸಲಿಲ್ಲ. ಆಮೇಲೆ ಹಗುರವಾಯಿತು. ಆಮೇಲೆ ಹಾರ್ನು.

ಒಂದು. ಎರಡು. ಮೂರು.

ಮೂರಕ್ಕೆ ನಿಲ್ಲಬೇಕಿತ್ತು. ತಿರುಮಲೇಶನ ಕೈ ನಿಲ್ಲಲಿಲ್ಲ. ಗುಡ್ಡದ ತುಂಬ ಹಾರ್ನು. ದಾರಿಯಲ್ಲಿ ಇಳಿದು ಬರುತ್ತಿದ್ದ ಪನಸವಲಸದ ಜನ ಏನಾಯಿತೋ ಅಂತ ಓಡಿ ಬಂದವರು ಜೀಪು ನೋಡಿ ಕೂಗತೊಡಗಿದರು. ಆ ಕೂಗು ಮರಗಳ ಮೇಲಿಂದ ಇಳಿದು ನಮ್ಮ ತನಕ ಬಂತು. ಕೋಟೇಶ್ವರಮ್ಮ ನನ್ನ ಮುಂಗೈ ಬಿಟ್ಟು, ಸೆರಗು ಬಾಯಿಗಿಟ್ಟುಕೊಂಡು, ನಗುತ್ತಲೇ ಅತ್ತಳು. "ಅವರಿದ್ದಿದ್ರೆ ಲಾರಿ ಹಾರ್ನ್ ಹೊಡೆದು ಜವಾಬು ಕೊಡ್ತಿದ್ರು ವದಿನಾ" ಅಂದಳು.

ಮಧ್ಯಾಹ್ನದ ಮೇಲೆ ಜೀಪು ಇಳಿದು ಬಂತು. ಹಿಂದಿನ ಸೀಟಿನಲ್ಲಿ ಒಬ್ಬ ತುಂಬು ಬಸುರಿ, ಅವಳ ಗಂಡ, ಅತ್ತೆ. ಡೋಲಿ ಹೊರುತ್ತಿದ್ದ ಗಂಡಸರು ಇಬ್ಬರು ಸುಮ್ಮನೆ ಸವಾರಿಗೆ ಅಂತ ಹತ್ತಿದ್ದರು. ಆ ದಾರಿಯಲ್ಲಿ ಅವರು ಕೂತು ಇಳಿದದ್ದು ಅದೇ ಮೊದಲು.

ಎಲ್ಲರೂ ಶ್ರೀಕಂಠನ ಹೆಗಲು ತಟ್ಟಲು ಹೋದರೆ ಅವನು ಅಲ್ಲಿರಲಿಲ್ಲ. ಆಗಲೇ ಮುಂಚಕ್ರದ ಹತ್ತಿರ ಮಂಡಿಯೂರಿದ್ದ. ಬೆಳಿಗ್ಗೆ ತಾಯಿ ಬಳಿದ ಕುಂಕುಮ ಟೈರಿನ ಮೈಮೇಲೆ ಅಲ್ಲಲ್ಲಿ ಕೆಸರಿನ ಕೆಳಗೆ ಇನ್ನೂ ಕಾಣುತ್ತಿತ್ತು. ಅವನು ಮಡ್‌ಗಾರ್ಡಿನ ಒಳಗೆ ಕೈ ಹಾಕಿ, ಹಿಂದಿನಿಂದ ಮುಂದಿನವರೆಗೆ ಎಳೆದು, ಬೆರಳನ್ನು ಹೊರತಂದು ಮಾವನ ಮುಖದ ಮುಂದೆ ಹಿಡಿದ.

ದುರ್ಗಾಪ್ರಸಾದ್ ಆ ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ನಂಬಿಕೆಯಾಗಲಿಲ್ಲವೋ ಏನೋ, ಅದನ್ನು ತನ್ನ ಬಿಳಿ ಅಂಗಿಯ ಎದೆಯ ಮೇಲೆ ಉದ್ದಕ್ಕೆ ಎಳೆದ. ಮಣ್ಣಿನ ಗೆರೆ ಬಿತ್ತು. ಕೆಂಪು ಒಂದು ಚುಕ್ಕೆಯೂ ಇಲ್ಲ.

ಅವನು ಅಳಿಯನ ಕೊರಳಿಗೆ ಕೈ ಹಾಕಿ ಹತ್ತಿರ ಎಳೆದುಕೊಂಡ, ಮಿಕ್ಕ ಅಂಗಿಯೂ ಕೆಸರಾಯಿತು. ನಮ್ಮ ಕಡೆ ತಿರುಗಿ ಕೇಳಿದ, "ಅಕ್ಕಾ, ಆ ಕುಂಕುಮಕ್ಕೆ ಎಣ್ಣೆ ಎಷ್ಟು ಹಾಕ್ತೀಯ? ನನ್ನ ಶೆಡ್ಡಿನಲ್ಲೂ ಒಂದು ಡಬ್ಬಿ ಇಡಬೇಕು."

ಕೋಟೇಶ್ವರಮ್ಮ ಕಣ್ಣೊರೆಸಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮೊದಲು ನಮ್ಮ ಬೋರ್ಡಿಗೆ ನೋಡಿಟ್ಟ ಆ ಮೊಳೆ ಕಿತ್ತು ಬಿಸಾಕು. ಆಮೇಲೆ ಹೇಳ್ತೀನಿ."